ಝೂಗೆ ಹೊರಟಿದ್ದೀರಾ? ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಮನೆ ಇದ್ದವರಿಗೆ ನೆಂಟರು ಬರಲು ಮೂರು ನೆಪ: ಅರಮನೆ, ಬೆಟ್ಟ, ಝೂ. ಅರಮನೆ, ಬೆಟ್ಟದ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ. ಝೂ ಬಗ್ಗೆ ಮಾತ್ರ ಹೊರಡುವ ಮೊದಲೂ ಪ್ರಶ್ನೆ, ಬಂದ ಮೇಲೂ ಪ್ರಶ್ನೆ. ಹೋಗುವ ಮೊದಲು ಟಿಕೆಟ್ಟು, ಟಾಯ್ಲೆಟ್ಟು. ಬಂದ ಮೇಲೆ "ಹುಲಿ ಯಾಕೆ ಹಾಗಿತ್ತು?" ಎರಡನ್ನೂ ಇಲ್ಲಿ ಸೇರಿಸಿದ್ದೇನೆ. ಉತ್ತರಗಳು ಮುಖ್ಯವಾಗಿ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದ ಬಗ್ಗೆ. ಆದರೆ ಆವರಣ ನೋಡಿ ಅಳೆಯುವ ವಿಷಯ ಯಾವ ಊರಿನ ಝೂಗಾದರೂ ಹೊಂದುತ್ತದೆ.

ಯಾವತ್ತು ರಜೆ? ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು?

ಮಂಗಳವಾರ ರಜೆ. ದಸರಾ ಮತ್ತು ಬೇಸಿಗೆ ರಜೆಯ ಕಾಲದಲ್ಲಿ ಮಂಗಳವಾರವೂ ತೆರೆದಿಟ್ಟ ಉದಾಹರಣೆ ಇದೆ, ಅದನ್ನು ಆಯಾ ವರ್ಷವೇ ಪ್ರಕಟಿಸುತ್ತಾರೆ. ಉಳಿದ ದಿನ ಬೆಳಿಗ್ಗೆ 8.30ಕ್ಕೆ ಬಾಗಿಲು ತೆಗೆಯುತ್ತಾರೆ. ನನ್ನ ಮಾತು ಕೇಳುವುದಾದರೆ ಆ ಹೊತ್ತಿಗೇ ಗೇಟಿನ ಮುಂದೆ ಇರಿ. ತಂಪು ಹೊತ್ತಿನಲ್ಲಿ ಪ್ರಾಣಿಗಳು ಚುರುಕಾಗಿರುತ್ತವೆ, ದಾರಿಯೂ ಖಾಲಿ ಇರುತ್ತದೆ. ಹನ್ನೊಂದು ಗಂಟೆಗೆ ಶಾಲೆ ಬಸ್ಸುಗಳು ಬಂದ ಮೇಲೆ ಅದು ಬೇರೆಯೇ ಊರು. ಮಧ್ಯಾಹ್ನ ಹೋದವರು ನೋಡುವುದು ಮಲಗಿದ ಬೆನ್ನುಗಳನ್ನು. ಸಂಜೆ ನಾಲ್ಕರ ಮೇಲೆ ಮತ್ತೆ ಸ್ವಲ್ಪ ಜೀವ ಬರುತ್ತದೆ, ಆದರೆ ಅಷ್ಟು ತಡವಾಗಿ ಹೋದರೆ ಪೂರ್ತಿ ಸುತ್ತಲು ಆಗುವುದಿಲ್ಲ.

ಭಾನುವಾರ ಬೇಡ. ಡಿಸೆಂಬರ್ ಕೊನೆಯ ವಾರ ಖಂಡಿತ ಬೇಡ.

ವಾರಕ್ಕೊಂದು ರಜೆ ಯಾಕೆ? ಸಿಬ್ಬಂದಿಗಾ, ಪ್ರಾಣಿಗಳಿಗಾ?

ಎರಡಕ್ಕೂ. ದೇಶದ ಎಲ್ಲ ಮೃಗಾಲಯಗಳೂ ವಾರಕ್ಕೆ ಒಂದು ದಿನವಾದರೂ ಜನರಿಗೆ ಬಾಗಿಲು ಮುಚ್ಚಬೇಕು ಅಂತ 2009ರ ಮೃಗಾಲಯ ಮಾನ್ಯತೆ ನಿಯಮಗಳು ಹೇಳುತ್ತವೆ. ಅವತ್ತು ಆವರಣದ ರಿಪೇರಿ, ಮರದ ಕೊಂಬೆ ಕಡಿಯುವುದು, ಕಂದಕ ತೊಳೆಯುವುದು ಇವೆಲ್ಲ ನಡೆಯುತ್ತದೆ. ಹುಲಿ, ಸಿಂಹದಂಥ ಮಾಂಸ ತಿನ್ನುವ ಪ್ರಾಣಿಗಳಿಗೆ ವಾರಕ್ಕೊಂದು ದಿನ ಉಪವಾಸ ಹಾಕುವ ಪದ್ಧತಿಯೂ ಬಹಳ ಕಡೆ ಇದೆ. ಕಾಡಿನಲ್ಲಿ ಅವುಗಳಿಗೆ ದಿನಾ ಬೇಟೆ ಸಿಗುವುದಿಲ್ಲವಲ್ಲ. ಇದು ಕ್ರೌರ್ಯ ಅಂತ ಯಾರಾದರೂ ಮುಖ ಸಿಂಡರಿಸಿದರೆ ನಂಬಬೇಡಿ, ಹೊಟ್ಟೆಗೆ ಅದು ಒಳ್ಳೆಯದೇ.

ಪೂರ್ತಿ ನೋಡಲು ಎಷ್ಟು ಹೊತ್ತು ಬೇಕು?

ಸುಮ್ನೆ ನಡೆದುಕೊಂಡು ಹೋದರೆ ಎರಡು, ಎರಡೂವರೆ ಗಂಟೆ. ನಿಂತು ನೋಡುವವರಿಗೆ ನಾಲ್ಕು ಗಂಟೆಯೂ ಸಾಲದು. ಒಳಗೆ ದಾರಿ ಒಂದೇ ದಿಕ್ಕಿನಲ್ಲಿ ಸಾಗುತ್ತದೆ, ಬಾಣದ ಗುರುತು ಇರುತ್ತದೆ. ಹಾಗಾಗಿ "ಆಮೇಲೆ ಬಂದು ನೋಡೋಣ" ಅಂದುಕೊಂಡರೆ ಆ ಆಮೇಲೆ ಬರುವುದಿಲ್ಲ. ಯಾವುದು ಬೇಕೋ ಅಲ್ಲೇ ನಿಂತು ನೋಡಿ ಮುಂದೆ ಹೋಗಿ.

ಜನ ಮಾಡುವ ದೊಡ್ಡ ಎಡವಟ್ಟು ಒಂದಿದೆ. ಶುರುವಿನಲ್ಲೇ ಸಿಗುವ ಹಕ್ಕಿ, ಜಿರಾಫೆ ಮುಂದೆ ಮುಕ್ಕಾಲು ಗಂಟೆ ಫೋಟೋ ತೆಗೆಯುತ್ತಾರೆ. ಹುಲಿ, ಆನೆ, ಘೇಂಡಾಮೃಗದ ಹೊತ್ತಿಗೆ ಮಕ್ಕಳ ಕಾಲು ಸೋತು, ದೊಡ್ಡವರ ತಾಳ್ಮೆ ಮುಗಿದಿರುತ್ತದೆ.

ಅಷ್ಟು ದೂರದಿಂದ ಹೋದ್ವಿ, ಅರ್ಧ ಪ್ರಾಣಿ ಕಾಣಲೇ ಇಲ್ಲ. ದುಡ್ಡು ದಂಡ ಅಲ್ವಾ?

ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಳ್ಳೆಯ ಆವರಣಕ್ಕೆ ನನ್ನ ಮೊದಲ ಅಳತೆಯೇ ಇದು: ನಮ್ಮ ಕಣ್ಣು ತಪ್ಪಿಸಿ ಕೂರಲು ಪ್ರಾಣಿಗೆ ಜಾಗ ಇದೆಯಾ?

ಚಿರತೆಯನ್ನೇ ತೆಗೆದುಕೊಳ್ಳಿ. ಕಾಡಿನಲ್ಲಿ ಅದು ಬದುಕುವುದೇ ಅಡಗಿಕೊಂಡು. ಅದನ್ನು ನಾಲ್ಕು ಕಡೆಯಿಂದಲೂ ಜನ ನೋಡುವ, ಒಂದು ಪೊದೆಯೂ ಇಲ್ಲದ ಸಿಮೆಂಟು ಅಂಗಳದಲ್ಲಿ ಬಿಟ್ಟರೆ ನಮಗೇನೋ ಚೆನ್ನಾಗಿ ಕಾಣುತ್ತದೆ. ಚಿರತೆಗೆ ಅದು ಇಡೀ ದಿನದ ಗಾಬರಿ. ಅದೇ ಆವರಣದಲ್ಲಿ ಬಿದಿರು ಮೆಳೆ, ಬಂಡೆಯ ಮರೆ, ಎತ್ತರದಲ್ಲಿ ಮಲಗಲು ಅಟ್ಟಣಿಗೆ ಇದ್ದರೆ ನಮಗೆ ಬಾಲದ ತುದಿ ಮಾತ್ರ ಕಂಡೀತು. ನಾನು ಆ ಎರಡನೆಯದಕ್ಕೇ ಮಾರ್ಕು ಜಾಸ್ತಿ ಕೊಡುತ್ತೇನೆ.

ಇನ್ನೊಂದು, ಮಲಗುವುದು ಅವುಗಳ ಸಹಜ ಕೆಲಸ. ಸಿಂಹ ದಿನಕ್ಕೆ ಇಪ್ಪತ್ತು ಗಂಟೆವರೆಗೂ ಬಿದ್ದುಕೊಂಡಿರುತ್ತದೆ, ಕಾಡಿನಲ್ಲೂ ಅಷ್ಟೇ. ಅದನ್ನು ಎಬ್ಬಿಸಲು ಶಿಳ್ಳೆ ಹಾಕುವವರನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಾಣಲೇಬೇಕು ಅಂದರೆ ಉಪಾಯ ಸುಲಭ. ಆವರಣದ ಮುಂದೆ ಐದು ನಿಮಿಷ ಮಾತಾಡದೆ ನಿಂತುಕೊಳ್ಳಿ. ನೆರಳಿರುವ ಜಾಗ, ನೀರಿನ ಅಂಚು, ಮರದ ಕವಲು, ಹಿಂದಿನ ಕೋಣೆಯ ಬಾಗಿಲು, ಈ ನಾಲ್ಕು ಕಡೆ ಕಣ್ಣಾಡಿಸಿ. ಬಹಳಷ್ಟು ಜನ ಅರ್ಧ ನಿಮಿಷ ನೋಡಿ "ಏನೂ ಇಲ್ಲ, ನಡೀರಿ" ಅಂತ ಹೊರಡುತ್ತಾರೆ. ಅವರ ಬೆನ್ನ ಹಿಂದೆಯೇ ಪ್ರಾಣಿ ಎದ್ದು ಬರುತ್ತದೆ.

ಆವರಣ ಚೆನ್ನಾಗಿದೆಯೋ ಇಲ್ಲವೋ ಅಂತ ನಮ್ಮಂಥವರು ಹೇಗೆ ಹೇಳೋದು?

ಉದ್ದ ಅಗಲ ನೋಡಿ ಮೋಸ ಹೋಗಬೇಡಿ. ವಿಸ್ತಾರ ಬೇಕು ನಿಜ, ಆದರೆ ಖಾಲಿ ಮೈದಾನದಲ್ಲಿ ಕೋತಿಗೆ ಏನು ಕೆಲಸ? ಸಿಂಗಳೀಕ ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ಮರದಿಂದ ಮರಕ್ಕೆ ಹೋಗುತ್ತ ಬದುಕುವ ಪ್ರಾಣಿ, ನೆಲಕ್ಕೆ ಇಳಿಯುವುದೇ ಕಮ್ಮಿ. ಅದಕ್ಕೆ ಬೇಕಿರುವುದು ಎತ್ತರ: ಕೊಂಬೆ, ಹಗ್ಗ, ತೂಗು ಹಲಗೆ. ಘೇಂಡಾಮೃಗಕ್ಕೆ ಕೆಸರು ಬೇಕು. ನೀರಾನೆ ಹಗಲಿಡೀ ಮುಳುಗಿರಬೇಕು, ಅಷ್ಟು ಆಳದ ಕೊಳ ಬೇಕು. ಕರಡಿಗೆ ಅಗೆಯಲು ಮಣ್ಣು ಬೇಕು. ಅಂದರೆ ಆ ಪ್ರಾಣಿ ಕಾಡಿನಲ್ಲಿ ಏನು ಮಾಡುತ್ತದೋ ಅದರಲ್ಲಿ ಒಂದಷ್ಟನ್ನಾದರೂ ಇಲ್ಲಿ ಮಾಡಲು ಆಗುತ್ತಾ ಅಂತ ನೋಡಿ.

ಆಮೇಲೆ ನೆಲ. ಪೂರ್ತಿ ಸಿಮೆಂಟು ಹಾಕಿದ್ದರೆ ತೊಳೆಯುವವರಿಗೆ ಸುಲಭ, ಪಾದಕ್ಕೆ ಕಷ್ಟ. ಆನೆಯಂಥ ಭಾರದ ಪ್ರಾಣಿಗಂತೂ ಗಟ್ಟಿ ನೆಲದ ಮೇಲೆ ವರ್ಷಗಟ್ಟಲೆ ನಿಂತರೆ ಕಾಲಿನ ಕಾಯಿಲೆ ಖಾತ್ರಿ. ಮಣ್ಣು, ಹುಲ್ಲು, ಮರಳು ಇರುವ ಕಡೆ ಸ್ವಲ್ಪ ಗಲೀಜು ಕಾಣಬಹುದು. ಆ ಗಲೀಜಿಗೆ ಮಾರ್ಕು ಕಳೆಯಬೇಡಿ. ಕೊಳೆತ ಆಹಾರ, ಪಾಚಿ ಕಟ್ಟಿದ ಕುಡಿಯುವ ನೀರು, ದಿನಗಟ್ಟಲೆ ಎತ್ತದ ಲದ್ದಿ ಕಂಡರೆ ಕಳೆಯಿರಿ.

ನೆರಳು ಮಧ್ಯಾಹ್ನ ಹನ್ನೆರಡಕ್ಕೆ ಇದೆಯಾ ಅಂತಲೂ ನೋಡಬೇಕು. ಬೆಳಿಗ್ಗೆ ಎಲ್ಲ ಕಡೆಯೂ ನೆರಳು ಇರುತ್ತದೆ. ಮೈಸೂರಿನಲ್ಲಿ ಹಳೆಯ ಮರಗಳ ಪುಣ್ಯ ದೊಡ್ಡದು. 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಶುರುವಾದ ಝೂ ಇದು, ಆಗ ಸುಮಾರು 11 ಎಕರೆ ಇತ್ತಂತೆ. ಈಗ ಅದರ ಹಲವು ಪಟ್ಟು ಬೆಳೆದಿದೆ. ಹೊಸದಾಗಿ ಕಟ್ಟಿದ ಎಷ್ಟೋ ಝೂಗಳು ದುಡ್ಡು ಸುರಿದರೂ ಇಂಥ ನೆರಳನ್ನು ಕೊಂಡು ತರಲು ಆಗುವುದಿಲ್ಲ.

ಕೊನೆಗೆ, ಪ್ರಾಣಿಗೆ ಏನಾದರೂ ಕೆಲಸ ಕೊಟ್ಟಿದ್ದಾರಾ? ತೂಗುಹಾಕಿದ ಮೇವು, ತೂತು ಕೊರೆದ ದಿಮ್ಮಿಯೊಳಗೆ ಅಡಗಿಸಿದ ಹಣ್ಣು, ಉಜ್ಜಿಕೊಳ್ಳಲು ಮರದ ಬೊಡ್ಡೆ, ಬೇಸಿಗೆಯಲ್ಲಿ ಐಸಿನೊಳಗೆ ಹಣ್ಣು. ಇದಕ್ಕೆ ಝೂನವರು ಎನ್ರಿಚ್‌ಮೆಂಟ್ ಅನ್ನುತ್ತಾರೆ. ಕಣ್ಣಿಗೆ ಹಳೇ ಟೈರು, ಹಗ್ಗದ ತುಂಡು ಬಿದ್ದಿದೆ ಅನ್ನಿಸುತ್ತದೆ. ಆ ಟೈರು ಇದ್ದರೆ ಒಳಗೆ ಯಾರೋ ಯೋಚನೆ ಮಾಡುವವರು ಇದ್ದಾರೆ ಅಂತ ಅರ್ಥ.

ಒಂದು ಪ್ರಾಣಿ ಅತ್ತಿಂದಿತ್ತ, ಇತ್ತಿಂದತ್ತ ನಡೆಯುತ್ತಲೇ ಇತ್ತು. ಹಸಿವಾಗಿರಬಹುದಾ?

ಇರಬಹುದು. ಊಟದ ಹೊತ್ತು ಹತ್ತಿರ ಬಂದಾಗ, ಪ್ರಾಣಿಪಾಲಕರ ಗಾಡಿಯ ಸದ್ದು ಕೇಳಿದಾಗ ಹುಲಿ ಬಾಗಿಲ ಬಳಿ ಓಡಾಡುತ್ತದೆ. ಅದು ಕಾಯುವಿಕೆ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ.

ಬೇರೆ ಇನ್ನೊಂದು ನಡಿಗೆ ಇದೆ. ಅದೇ ಜಾಡು, ಅದೇ ಜಾಗದಲ್ಲಿ ತಿರುವು, ತಿರುಗುವಾಗ ತಲೆ ಅದೇ ರೀತಿ ಎತ್ತುವುದು. ಗಂಟೆಗಟ್ಟಲೆ. ನೆಲದ ಮೇಲೆ ಆ ಜಾಡಿನಲ್ಲಿ ಹುಲ್ಲು ಸವೆದು ದಾರಿಯೇ ಬಿದ್ದಿರುತ್ತದೆ. ಆನೆ ಆದರೆ ನಿಂತಲ್ಲೇ ತೂಗುತ್ತದೆ, ಕರಡಿ ತಲೆ ಅಲ್ಲಾಡಿಸುತ್ತದೆ, ಗಿಣಿ ತನ್ನ ಗರಿಯನ್ನೇ ಕಿತ್ತುಕೊಳ್ಳುತ್ತದೆ. ಆನೆ ತೂಗುವುದನ್ನು ನೋಡಿ "ಡ್ಯಾನ್ಸ್ ಮಾಡ್ತಿದೆ" ಅಂತ ಮಕ್ಕಳಿಗೆ ತೋರಿಸುವವರೇ ಜಾಸ್ತಿ. ಅದು ಕುಣಿತ ಅಲ್ಲ, ಬೇಸರ ಗಟ್ಟಿಯಾಗಿ ಅಭ್ಯಾಸವಾಗಿಬಿಟ್ಟಿದ್ದು.

ಆದರೆ ಒಂದು ಎಚ್ಚರಿಕೆ. ಈ ಅಭ್ಯಾಸ ಒಮ್ಮೆ ಅಂಟಿದರೆ ಒಳ್ಳೆಯ ಜಾಗಕ್ಕೆ ಬಂದ ಮೇಲೂ ಪೂರ್ತಿ ಬಿಡುವುದಿಲ್ಲ. ಸರ್ಕಸ್ಸಿನಿಂದಲೋ ಕಿರಿದಾದ ಬೋನಿನಿಂದಲೋ ಬಿಡಿಸಿ ತಂದ ಪ್ರಾಣಿ ಹೊಸ ಆವರಣದಲ್ಲೂ ಹಳೆಯ ಬೋನಿನ ಅಳತೆಯಲ್ಲೇ ನಡೆಯಬಹುದು. ಬನ್ನೇರುಘಟ್ಟದಲ್ಲಿ ಕುಣಿಸುವವರಿಂದ ಬಿಡಿಸಿದ ಕರಡಿಗಳಿಗಾಗಿ 2005ರಿಂದ ಪುನರ್ವಸತಿ ಕೇಂದ್ರ ಇದೆ, ಅಂಥ ಕರಡಿಗಳ ಕಥೆಯನ್ನು ಈಗಿನ ಜಾಗದ ತಪ್ಪು ಅಂತ ಓದಬಾರದು. ಹಾಗಾಗಿ ಒಂದು ಪ್ರಾಣಿ ನೋಡಿ ಇಡೀ ಝೂಗೆ ಸೊನ್ನೆ ಹಾಕಬೇಡಿ. ಮೂರ್ನಾಲ್ಕು ಆವರಣಗಳಲ್ಲಿ ಇದೇ ಕಂಡರೆ ಮಾತ್ರ ಅನುಮಾನ ಪಡಿ.

ಪಾಪ, ಒಂದೇ ಒಂದು ಇತ್ತು. ಜೊತೆ ಯಾಕೆ ತರುವುದಿಲ್ಲ?

ಎಲ್ಲದಕ್ಕೂ ಜೊತೆ ಬೇಕಿಲ್ಲ. ಹುಲಿ, ಚಿರತೆ ಒಂಟಿಯಾಗೇ ಬದುಕುವ ಜಾತಿ. ಎರಡು ಗಂಡು ಹುಲಿಗಳನ್ನು ಒಂದೇ ಅಂಗಳಕ್ಕೆ ಬಿಟ್ಟರೆ ಸಂಜೆಗೆ ಒಂದೇ ಉಳಿದೀತು.

ಆನೆ, ಗೊರಿಲ್ಲಾ, ಕೋತಿ, ಸೀಳುನಾಯಿ ಬೇರೆ. ಇವು ಗುಂಪಿನವು. ಮೈಸೂರಿನವರಿಗೆ ಪೋಲೋ ನೆನಪಿರಬೇಕು. 1995ರಲ್ಲಿ ಡಬ್ಲಿನ್ ಝೂನಿಂದ ಬಂದ ಗೊರಿಲ್ಲಾ ಅದು. ದೇಶಕ್ಕೆಲ್ಲ ಒಂದೇ ಗೊರಿಲ್ಲಾ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಒಂದೇ ಅನ್ನುವುದು ಹೆಮ್ಮೆಯ ವಿಷಯವಾ ಅಂತ ಆಗ ಯಾರೂ ಕೇಳಲಿಲ್ಲ. ಅದು 2014ರಲ್ಲಿ ತೀರಿಕೊಂಡಿತು. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಅನ್ನುವ ಅಣ್ಣ ತಮ್ಮಂದಿರನ್ನು ಒಟ್ಟಿಗೇ ತಂದರು. ಅವೆರಡರ ಆವರಣದ ಮುಂದೆ ಹತ್ತು ನಿಮಿಷ ನಿಲ್ಲಿ. ಒಂದು ಎದ್ದು ಹೋದರೆ ಇನ್ನೊಂದರ ಕಣ್ಣು ಎಲ್ಲಿ ಹೋಗುತ್ತದೆ ಅಂತ ಗಮನಿಸಿ.

ದೆಹಲಿ ಮೃಗಾಲಯದ ಶಂಕರ್ ಅನ್ನುವ ಆಫ್ರಿಕಾದ ಆನೆಯದ್ದು ಇನ್ನೂ ಕಷ್ಟದ ಕಥೆ. ಜಿಂಬಾಬ್ವೆಯಿಂದ ಉಡುಗೊರೆಯಾಗಿ ಬಂತು. ಜೊತೆಯ ಆನೆ ಸತ್ತ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಒಂಟಿಯಾಗಿತ್ತು. ಅದನ್ನು ನೋಡಿಕೊಳ್ಳುವ ರೀತಿ ಸರಿ ಇಲ್ಲ ಅಂತ ಜಾಗತಿಕ ಮೃಗಾಲಯಗಳ ಸಂಘ 2024ರಲ್ಲಿ ದೆಹಲಿ ಝೂನ ಸದಸ್ಯತ್ವವನ್ನೇ ಅಮಾನತು ಮಾಡಿತು. 2025ರಲ್ಲಿ ಶಂಕರ್ ತೀರಿಕೊಂಡಿತು. ಗುಂಪಿನ ಪ್ರಾಣಿ ಒಂಟಿಯಾಗಿ ಕಂಡರೆ ಪಾಲಕರನ್ನು ಕೇಳಿ. ಕಾಯಿಲೆ, ಮರಿ ಹಾಕಿದ್ದು, ಜಗಳ, ಹೀಗೆ ಸರಿಯಾದ ಕಾರಣ ಇದ್ದರೆ ಅವರು ಸಂತೋಷವಾಗೇ ಹೇಳುತ್ತಾರೆ.

ಕಂದಕ, ಗಾಜು, ಜಾಲರಿ: ಯಾವುದು ಒಳ್ಳೆಯದು?

ಫೋಟೋಗೆ ಗಾಜು, ಗಾಳಿಗೆ ಜಾಲರಿ, ನೋಟಕ್ಕೆ ಕಂದಕ. ಕಂದಕ ಇದ್ದರೆ ಮಧ್ಯೆ ಅಡ್ಡ ಏನೂ ಕಾಣುವುದಿಲ್ಲ, ಆದರೆ ಜಾಗ ಬಹಳ ತಿನ್ನುತ್ತದೆ. ಗಾಜು ಇದ್ದರೆ ಮಗು ಹುಲಿಯ ಮುಖಕ್ಕೆ ಮುಖ ಕೊಟ್ಟು ನಿಲ್ಲಬಹುದು. ತೊಂದರೆ ಏನೆಂದರೆ ಜನ ತಟ್ಟುತ್ತಾರೆ. ಒಳಗಿರುವ ಪ್ರಾಣಿಗೆ ಆ ಸದ್ದು ಇಡೀ ದಿನ. ಹಾವಿನ ಮನೆಯಲ್ಲಿ ಇದು ಅತಿಯಾಗುತ್ತದೆ. ಹಾವಿಗೆ ಕಿವಿ ಇಲ್ಲ ಅಂತ ತಟ್ಟುವವರ ವಾದ, ಆದರೆ ಅದಕ್ಕೆ ಅದುರುವಿಕೆ ಚೆನ್ನಾಗೇ ಗೊತ್ತಾಗುತ್ತದೆ.

ಯಾವುದೇ ಇರಲಿ, ಅದರ ಮುಂದೆ ಇನ್ನೊಂದು ಸಣ್ಣ ಬೇಲಿ ಇರಬೇಕು, ಜನ ಒರಗಿ ನಿಲ್ಲಲು. ಅದನ್ನು ದಾಟಬೇಡಿ, ಮಗುವನ್ನು ಅದರ ಮೇಲೆ ಕೂರಿಸಬೇಡಿ. 2014ರಲ್ಲಿ ದೆಹಲಿಯಲ್ಲಿ ಬಿಳಿ ಹುಲಿಯ ಕಂದಕಕ್ಕೆ ಬಿದ್ದ ಯುವಕ ಬದುಕಲಿಲ್ಲ. ಅದಾದ ಮೇಲೂ ಸೆಲ್ಫಿಗಾಗಿ ಬೇಲಿ ಹತ್ತುವವರು ಎಲ್ಲ ಝೂನಲ್ಲೂ ಸಿಗುತ್ತಾರೆ.

ಬಿಳಿ ಹುಲಿ ಅಪರೂಪದ ಜಾತಿ ಅಂತಾರಲ್ಲ, ಅದನ್ನು ಉಳಿಸಬೇಕಲ್ವಾ?

ಬೇರೆ ಜಾತಿಯೇ ಅಲ್ಲ. ಬಣ್ಣದ ಒಂದು ವಂಶವಾಹಿ ಅಪ್ಪ ಅಮ್ಮ ಇಬ್ಬರಿಂದಲೂ ಬಂದಾಗ ಹುಟ್ಟುವ ಮಾಮೂಲಿ ಹುಲಿ. 1951ರಲ್ಲಿ ರೇವಾದ ಮಹಾರಾಜರು ಕಾಡಿನಿಂದ ಹಿಡಿಸಿದ ಮೋಹನ್ ಅನ್ನುವ ಮರಿಯನ್ನು ಅದರ ಮಗಳ ಜೊತೆಗೇ ಕೂಡಿಸಿ ಬಿಳಿ ಮರಿಗಳನ್ನು ಪಡೆದರು. ಇವತ್ತು ಝೂಗಳಲ್ಲಿರುವ ಬಿಳಿ ಹುಲಿಗಳಲ್ಲಿ ಬಹುಪಾಲು ಆ ವಂಶದವು. ರಕ್ತಸಂಬಂಧದಲ್ಲೇ ಮತ್ತೆ ಮತ್ತೆ ಮರಿ ಮಾಡಿಸಿದ್ದರಿಂದ ಹಲವು ತೊಂದರೆಗಳು ಅಂಟಿಕೊಂಡಿವೆ. ನೋಡಲು ಚೆಂದ, ನಿಜ. ಇರುವುದನ್ನು ಚೆನ್ನಾಗಿ ಸಾಕಲಿ. ಆದರೆ "ನಮ್ಮಲ್ಲಿ ಬಿಳಿ ಹುಲಿ ಇದೆ" ಅನ್ನುವುದನ್ನೇ ದೊಡ್ಡ ಬೋರ್ಡಿನಲ್ಲಿ ಬರೆಯುವ ಝೂ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ಅದೇ ಜಾಗದಲ್ಲಿ ತೋಳವನ್ನೋ ಸೀಳುನಾಯಿಯನ್ನೋ ಚೆನ್ನಾಗಿ ಇಟ್ಟು ತೋರಿಸಿದರೆ ನೂರು ಪಾಲು ವಾಸಿ.

ಟಾಯ್ಲೆಟ್, ಕುಡಿಯುವ ನೀರು, ಕೂರಲು ಜಾಗ?

ಮೈಸೂರಿನಲ್ಲಿ ದಾರಿಯುದ್ದಕ್ಕೂ ಇವೆ. ಆದರೂ ಒಳಗೆ ಹೋದ ಕೂಡಲೇ ಒಮ್ಮೆ ಹೋಗಿಬನ್ನಿ, ಮುಂದಿನದು ಎಲ್ಲಿದೆ ಅಂತ ನಕ್ಷೆ ನೋಡಿಕೊಳ್ಳಿ. ಮಕ್ಕಳು ಆನೆ ಹತ್ತಿರ ಬಂದಾಗಲೇ ಕೇಳುವುದು.

ಟಾಯ್ಲೆಟ್ ನೋಡಿ ಝೂ ಅಳೆಯಬಹುದಾ ಅಂತ ಕೆಲವರು ಕೇಳುತ್ತಾರೆ. ಅರ್ಧ ಮಾತ್ರ. ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿರುವುದು ದೊಡ್ಡದಲ್ಲ, ರಜಾದಿನ ಮಧ್ಯಾಹ್ನ ಮೂರಕ್ಕೆ ಹೇಗಿದೆ ನೋಡಿ. ಆ ಹೊತ್ತಿನಲ್ಲೂ ನೀರು ಬರುತ್ತಿದ್ದರೆ, ಒಬ್ಬರು ಒರೆಸುತ್ತಿದ್ದರೆ ಆಡಳಿತ ಸರಿ ಇದೆ ಅಂತ ಅರ್ಥ. ಹಾಗಂತ ಫಳಫಳ ಟೈಲ್ಸ್ ಹಾಕಿ, ಮಕ್ಕಳ ರೈಲು ಬಿಟ್ಟು, ಹಿಂದೆ ಕರಡಿಯನ್ನು ಇಕ್ಕಟ್ಟಿನಲ್ಲಿ ಇಟ್ಟ ಜಾಗವನ್ನೂ ನಾನು ಕಂಡಿದ್ದೇನೆ. ಹೆಸರು ಬೇಡ. ಜನರ ಸೌಕರ್ಯಕ್ಕೆ ಒಂದು ಮಾರ್ಕು, ಪ್ರಾಣಿಯ ಸೌಕರ್ಯಕ್ಕೆ ಇನ್ನೊಂದು ಮಾರ್ಕು. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ.

ಅಜ್ಜಿ ತಾತನನ್ನು ಕರೆದುಕೊಂಡು ಹೋಗಬಹುದಾ? ಕೈಗೂಸು ಇದ್ದರೆ?

ಹೋಗಬಹುದು. ದಾರಿ ಸಮತಟ್ಟಾಗಿದೆ, ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಗಾಲಿಕುರ್ಚಿ ಸಿಗುತ್ತದೆ, ಗೇಟಿನಲ್ಲೇ ಕೇಳಿ. ಬ್ಯಾಟರಿ ಗಾಡಿಗೆ ಬೇರೆ ಟಿಕೆಟ್. ಗಾಡಿಯಲ್ಲಿ ಹೋದರೆ ಕೂತು ಸುತ್ತಬಹುದು, ಆದರೆ ನಿಮಗೆ ಬೇಕಾದಷ್ಟು ಹೊತ್ತು ನಿಲ್ಲಿಸುವುದಿಲ್ಲ. ರಜಾದಿನ ಅದಕ್ಕೂ ಕ್ಯೂ. ಮಂಡಿನೋವು ಇರುವವರಿದ್ದರೆ ವಾರದ ಮಧ್ಯೆ ಬೆಳಿಗ್ಗೆ ಹೋಗಿ ಮೊದಲು ಗಾಡಿಯದ್ದೇ ಕೆಲಸ ಮುಗಿಸಿ.

ಬುತ್ತಿ ಕಟ್ಟಿಕೊಂಡು ಹೋಗಬಹುದಾ? ಪ್ಲಾಸ್ಟಿಕ್ ಬಗ್ಗೆ ಏನೋ ಗಲಾಟೆ ಅಂತಾರೆ?

ಗಲಾಟೆ ಏನಿಲ್ಲ, ಗೇಟಿನಲ್ಲಿ ಬ್ಯಾಗು ತಪಾಸಣೆ ಮಾಡುತ್ತಾರೆ. ಪ್ಲಾಸ್ಟಿಕ್ ಕವರು ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿಗೆ ಸ್ಟಿಕರ್ ಅಂಟಿಸಿ ಠೇವಣಿ ತೆಗೆದುಕೊಳ್ಳುತ್ತಾರೆ, ಹೊರಗೆ ಬರುವಾಗ ಬಾಟಲಿ ತೋರಿಸಿದರೆ ದುಡ್ಡು ವಾಪಸ್. ಸ್ಟೀಲ್ ಬಾಟಲಿ ತಂದರೆ ಈ ತಲೆನೋವೇ ಇಲ್ಲ. ಹೊರಗಿನ ತಿಂಡಿ ಬಿಡುವುದಿಲ್ಲ ಅಂದುಕೊಂಡೇ ಹೋಗಿ, ಒಳಗೆ ಕ್ಯಾಂಟೀನ್ ಇದೆ. ಬುತ್ತಿಯನ್ನು ಗಾಡಿಯಲ್ಲೇ ಇಟ್ಟು ಆಮೇಲೆ ಹೊರಗೆ ತಿಂದರೆ ನೆಮ್ಮದಿ.

ಈ ಬಿಗಿ ಯಾಕೆ ಅಂದರೆ, ಗಾಳಿಗೆ ಹಾರಿದ ಒಂದು ಕವರು ಜಿಂಕೆಯ ಹೊಟ್ಟೆ ಸೇರಿದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೆಲುಕು ಹಾಕುವ ಪ್ರಾಣಿಗೆ ಅದನ್ನು ಹೊರಹಾಕುವುದು ಬಹಳ ಕಷ್ಟ.

ಕೋತಿಗೆ ಒಂದು ಬಾಳೆಹಣ್ಣು ಕೊಟ್ಟರೆ ಏನಾಗುತ್ತೆ?

ಕಾನೂನು ಪ್ರಕಾರ ಅಪರಾಧ ಆಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38-ಜೆ ಕಲಂ ಪ್ರಕಾರ ಝೂನಲ್ಲಿ ಪ್ರಾಣಿಯನ್ನು ಕೆಣಕುವುದು, ಗಾಯ ಮಾಡುವುದು, ತಿನ್ನಿಸುವುದು, ಕೂಗಿ ಗಲಾಟೆ ಮಾಡುವುದು, ಕಸ ಎಸೆಯುವುದು ಎಲ್ಲಕ್ಕೂ ನಿಷೇಧ ಇದೆ. ದಂಡ ಮಾತ್ರವಲ್ಲ, ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶ ಇದೆ.

ಕಾನೂನು ಬಿಡಿ. ಅಲ್ಲಿ ಪ್ರತಿ ಪ್ರಾಣಿಯ ಊಟವೂ ತೂಕ ಹಾಕಿದ್ದು. ದಿನಕ್ಕೆ ಸಾವಿರಾರು ಜನ ಬರುವ ಕಡೆ ನೂರು ಜನ ಒಂದೊಂದು ಹಣ್ಣು ಎಸೆದರೂ ಲೆಕ್ಕ ಹಾಕಿ. ಜೊತೆಗೆ ನಮ್ಮ ಕೈಯ ಸೋಂಕು ಅವಕ್ಕೆ ಅಂಟುತ್ತದೆ. ಕೋತಿ, ಚಿಂಪಾಂಜಿ, ಗೊರಿಲ್ಲಾಗಳಿಗೆ ನಮ್ಮ ನೆಗಡಿಯೂ ಅಪಾಯ.

ಸೋಂಕು ಅಂದ ಮೇಲೆ ನೆನಪಾಯಿತು. ಒಮ್ಮೆ ಹೋದಾಗ ಝೂನೇ ಮುಚ್ಚಿತ್ತು, ಯಾಕೆ?

ಹಕ್ಕಿಜ್ವರ ಇರಬೇಕು. 2017ರ ಜನವರಿಯಲ್ಲಿ ಮೈಸೂರು ಝೂನಲ್ಲಿ ಹಕ್ಕಿಗಳು ಸತ್ತು, ಸೋಂಕು ಖಚಿತವಾಗಿ, ಒಂದು ತಿಂಗಳು ಬಾಗಿಲು ಹಾಕಿದ್ದರು. 2020ರಲ್ಲಿ ಕೋವಿಡ್ ಲಾಕ್‌ಡೌನ್. ದೂರದಿಂದ ಬರುವವರು ಹೊರಡುವ ಮೊದಲು ಝೂನ ಜಾಲತಾಣ ನೋಡಿಕೊಳ್ಳಿ, ಟಿಕೆಟ್ಟೂ ಅಲ್ಲೇ ಸಿಗುತ್ತದೆ. ದರ ಆಗಾಗ ಬದಲಾಗುವುದರಿಂದ ಇಲ್ಲಿ ಬರೆಯುತ್ತಿಲ್ಲ.

ಕಾರಂಜಿ ಕೆರೆಯೂ ಝೂ ಒಳಗೇ ಬರುತ್ತಾ?

ಝೂನವರದ್ದೇ, ಆದರೆ ಗೇಟು ಬೇರೆ. ಪಕ್ಕದಲ್ಲೇ ಇದೆ. ನಾವೇ ಒಳಗೆ ನಡೆದು ಹೋಗಬಹುದಾದ ದೊಡ್ಡ ಪಕ್ಷಿ ಪಂಜರ ಅಲ್ಲಿದೆ, ನವಿಲುಗಳು ಕಾಲಬುಡದಲ್ಲೇ ಓಡಾಡುತ್ತವೆ. ದೋಣಿ ಇದೆ. ಬೆಳಿಗ್ಗೆ ಝೂ, ಊಟ ಮಾಡಿ ಸಂಜೆ ಕಾರಂಜಿ. ನೆಂಟರನ್ನು ನಾನು ಕಳಿಸುವುದು ಹೀಗೇ.

ಬೆಂಗಳೂರಿನವರು ನಾವು. ಬನ್ನೇರುಘಟ್ಟ ಹತ್ತಿರ ಇರುವಾಗ ಮೈಸೂರಿಗೆ ಯಾಕೆ ಬರಬೇಕು?

ಎರಡೂ ಬೇರೆ ಬೇರೆ ಅನುಭವ. ಬನ್ನೇರುಘಟ್ಟ ಅಂದರೆ ಸಫಾರಿ. ಹುಲಿ, ಸಿಂಹ, ಕರಡಿ ಬಯಲಲ್ಲಿ ಇರುತ್ತವೆ, ಬಸ್ಸಿನೊಳಗೆ ನಾವು ಬಂದಿ. ಜಾಗದ ವಿಷಯದಲ್ಲಿ ಪ್ರಾಣಿಗಳಿಗೆ ಅಲ್ಲಿ ಅನುಕೂಲ ಜಾಸ್ತಿ, 2024ರಲ್ಲಿ ಚಿರತೆ ಸಫಾರಿಯೂ ಶುರುವಾಗಿದೆ. ಆದರೆ ನಿಂತು ನೋಡುವ ಸುಖ ಇಲ್ಲ. ಬಸ್ಸು ಹೊರಟರೆ ಹೊರಟಿತು, ಕಿಟಕಿ ಪಕ್ಕ ಸೀಟು ಸಿಗದವರು ಮುಂದಿನವರ ತಲೆ ನೋಡಿ ಬರುತ್ತಾರೆ. ಅಲ್ಲೂ ಮಂಗಳವಾರವೇ ರಜೆ.

ಮೈಸೂರಿನಲ್ಲಿ ನಿಮ್ಮ ಕಾಲು, ನಿಮ್ಮ ಸಮಯ. ಗೊರಿಲ್ಲಾ, ಒರಾಂಗುಟಾನ್‌ನಂಥವನ್ನು ನೋಡಲು ಇಲ್ಲಿಗೇ ಬರಬೇಕು. ಕರಾವಳಿಯವರಿಗೆ ಪಿಲಿಕುಳ ಇದೆ, ಕಾಳಿಂಗ ಸರ್ಪಕ್ಕೆ ಹೆಸರುವಾಸಿ. ಹಂಪಿಗೆ ಹೋಗುವವರು ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಉದ್ಯಾನ ನೋಡಬಹುದು, ಆದರೆ ಏಪ್ರಿಲ್, ಮೇ ಬಿಸಿಲಿನಲ್ಲಿ ಬೇಡ. ಶಿವಮೊಗ್ಗದ ತ್ಯಾವರೆಕೊಪ್ಪ ಸಫಾರಿ, ಸಕ್ರೆಬೈಲಿನ ಆನೆ ಬಿಡಾರದ ಜೊತೆ ಒಂದೇ ದಿನಕ್ಕೆ ಆಗುತ್ತದೆ.

ದೇಶದಲ್ಲಿ ಮೈಸೂರು ಝೂ ನಂಬರ್ ಒನ್ ಅಂತಾರಲ್ಲ?

ಪ್ರೀತಿಯಿಂದ ಹೇಳುತ್ತಾರೆ. 2022ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ನಿರ್ವಹಣೆ ಅಳೆದು ಪಟ್ಟಿ ಮಾಡಿದಾಗ ಡಾರ್ಜಿಲಿಂಗ್‌ನ ಪದ್ಮಜಾ ನಾಯ್ಡು ಉದ್ಯಾನ ಮೊದಲು, ಚೆನ್ನೈನ ವಂಡಲೂರು ಎರಡನೆಯದು, ಮೈಸೂರು ಮೂರನೆಯದು. ಮೂರನೇ ಸ್ಥಾನವೂ ಸಣ್ಣದಲ್ಲ. ಡಾರ್ಜಿಲಿಂಗ್ ಝೂ ಹಿಮಚಿರತೆ, ಕೆಂಪು ಪಾಂಡಾದಂಥ ಬೆಟ್ಟದ ಪ್ರಾಣಿಗಳನ್ನು ಬೆಟ್ಟದ ಚಳಿಯಲ್ಲೇ ಸಾಕುತ್ತದೆ. ಆ ಅನುಕೂಲ ನಮ್ಮ ಊರಿಗಿಲ್ಲ.

ಪ್ರಾಣಿಗಳನ್ನು ಕೂಡಿಹಾಕುವುದೇ ತಪ್ಪಲ್ವಾ? ಟಿಕೆಟ್ ಕೊಂಡು ನಾವೂ ಅದಕ್ಕೆ ಸೇರಿದ ಹಾಗಲ್ವಾ?

ಹದಿಹರೆಯದ ಮಕ್ಕಳು ಕೇಳುವ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆ. ನನ್ನ ನಿಲುವು ಹೇಳುತ್ತೇನೆ, ಒಪ್ಪಲೇಬೇಕು ಅಂತಿಲ್ಲ. ಇವತ್ತು ಝೂನಲ್ಲಿರುವ ಬಹಳಷ್ಟು ಪ್ರಾಣಿಗಳು ಝೂನಲ್ಲೇ ಹುಟ್ಟಿದವು. ಮೈಸೂರಿನಲ್ಲಿ ಹುಟ್ಟಿದ ಜಿರಾಫೆ ಬನ್ನೇರುಘಟ್ಟಕ್ಕೆ ಹೋಗಿದೆ. ಇನ್ನು ಕೆಲವು ಗಾಯಗೊಂಡು, ತಾಯಿ ಸತ್ತು, ಊರಿಗೆ ನುಗ್ಗಿ ಸಿಕ್ಕಿದವು. ಅಂಥವನ್ನು ಇಡಲು ಮೈಸೂರಿನ ಹೊರಗೆ ಕೂರ್ಗಳ್ಳಿಯಲ್ಲಿ ಪುನರ್ವಸತಿ ಕೇಂದ್ರ ಇದೆ, ಅದು ಜನರಿಗೆ ತೆರೆದಿಲ್ಲ. ತೆರೆಯಲೂ ಬಾರದು. ಇವುಗಳನ್ನೆಲ್ಲ ಕಾಡಿಗೆ ಬಿಟ್ಟುಬಿಡಿ ಅನ್ನುವುದು ಹೇಳಲು ಸುಲಭ, ಬೇಟೆಯೇ ಕಲಿಯದ ಹುಲಿ ಅಲ್ಲಿ ಬದುಕುವುದಿಲ್ಲ.

ಹಾಗಂತ ಎಲ್ಲ ಝೂಗೂ ಸರ್ಟಿಫಿಕೇಟ್ ಕೊಡಲು ಬರುವುದಿಲ್ಲ. ಕೇಂದ್ರ ಪ್ರಾಧಿಕಾರದ ಮಾನ್ಯತೆ ಇಲ್ಲದೆ ಪ್ರಾಣಿ ತೋರಿಸಿ ದುಡ್ಡು ಮಾಡುವ ಜಾಗಕ್ಕೆ ಹೋಗಬೇಡಿ. ರೆಸಾರ್ಟಿನಲ್ಲಿ ಹೆಬ್ಬಾವನ್ನು ಕೊರಳಿಗೆ ಹಾಕಿ ಫೋಟೋ ತೆಗೆಸುತ್ತಾರೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ನಮ್ಮ ಟಿಕೆಟ್ ದುಡ್ಡು ಎಲ್ಲಿಗೆ ಹೋಗುತ್ತೆ?

ಮೇವು, ಮಾಂಸ, ಔಷಧಿ, ಸಂಬಳ. ರಾಜ್ಯದ ಝೂಗಳನ್ನು 1979ರಿಂದ ಕರ್ನಾಟಕ ಮೃಗಾಲಯ ಪ್ರಾಧಿಕಾರ ನೋಡಿಕೊಳ್ಳುತ್ತಿದೆ, ಮೈಸೂರು ಝೂ ಬಹುಮಟ್ಟಿಗೆ ಗೇಟಿನ ಹಣದಲ್ಲೇ ನಡೆಯುತ್ತದೆ. ಅದಕ್ಕೇ 2020ರಲ್ಲಿ ಗೇಟು ಮುಚ್ಚಿದಾಗ ಆನೆಗೆ ಹುಲ್ಲು ಹಾಕಲೂ ದಾನ ಎತ್ತಬೇಕಾಯಿತು. ಪ್ರಾಣಿ ದತ್ತು ಯೋಜನೆಯೂ ಇದೆ. ಹಕ್ಕಿಯಿಂದ ಆನೆವರೆಗೆ, ನಿಮ್ಮ ಕೈಲಾದಷ್ಟು ಕೊಟ್ಟು ಅದರ ಊಟದ ಖರ್ಚು ವಹಿಸಿಕೊಳ್ಳಬಹುದು. ಮನೆಗೆ ಕರೆದುಕೊಂಡು ಹೋಗಲು ಕೊಡುತ್ತಾರಾ ಅಂತ ಒಬ್ಬ ಪುಟ್ಟ ಹುಡುಗ ಗಂಭೀರವಾಗೇ ಕೇಳಿದ್ದ. ಕೊಡುವುದಿಲ್ಲ.

ಏನಾದರೂ ಸರಿ ಇಲ್ಲ ಅನ್ನಿಸಿದರೆ ಯಾರಿಗೆ ಹೇಳಬೇಕು?

ಮೊದಲು ಅಲ್ಲೇ ಇರುವ ಪಾಲಕರಿಗೆ. ಗಾಯ, ಕುಂಟುವುದು, ಖಾಲಿ ನೀರಿನ ತೊಟ್ಟಿ, ಇವನ್ನು ತಕ್ಷಣ ಹೇಳಿದರೆ ಕೆಲಸ ಆಗುತ್ತದೆ. ಅವರಿಗೆ ಆ ಪ್ರಾಣಿಯ ಹೆಸರು, ವಯಸ್ಸು, ಮುನಿಸು ಎಲ್ಲ ಗೊತ್ತಿರುತ್ತದೆ. ಮರ್ಯಾದೆಯಿಂದ ಮಾತಾಡಿಸಿದರೆ ಬೋರ್ಡಿನಲ್ಲಿ ಇಲ್ಲದ ಹತ್ತು ವಿಷಯ ನಿಮಗೇ ಹೇಳುತ್ತಾರೆ.

ಅಲ್ಲಿ ಆಗದಿದ್ದರೆ ಕಚೇರಿಯಲ್ಲಿ ಬರೆದು ಕೊಡಿ. ದಿನ, ಹೊತ್ತು, ಯಾವ ಆವರಣ, ಏನು ಕಂಡಿತು, ಇಷ್ಟೇ ಸಾಕು. ಒಂದು ಫೋಟೋ ಇದ್ದರೆ ಒಳ್ಳೆಯದು. ಅದಕ್ಕೂ ಉತ್ತರ ಬರದಿದ್ದರೆ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ, ಆಮೇಲೆ ದೆಹಲಿಯ ಕೇಂದ್ರ ಪ್ರಾಧಿಕಾರಕ್ಕೆ ಬರೆಯಬಹುದು. ವಾಟ್ಸಾಪ್ ಗುಂಪಿಗೆ ಹತ್ತು ಸೆಕೆಂಡಿನ ವಿಡಿಯೋ ಹಾಕಿ "ನೋಡಿ ಹೇಗಿಟ್ಟಿದ್ದಾರೆ" ಅಂದರೆ ಪ್ರಾಣಿಗೆ ಏನೂ ಸಿಗುವುದಿಲ್ಲ.

ಮಳೆಗಾಲದಲ್ಲಿ ಬರಬಹುದಾ?

ಬನ್ನಿ. ಜೂನ್, ಜುಲೈನ ಮೈಸೂರಿನ ತುಂತುರು ಮಳೆ ಝೂಗೆ ಬಹಳ ಒಳ್ಳೆಯ ಹವೆ. ಜನ ಕಮ್ಮಿ, ಬಿಸಿಲಿಲ್ಲ, ಆವರಣಗಳಲ್ಲಿ ಹಸಿರು ತುಂಬಿರುತ್ತದೆ. ಜೋರು ಮಳೆ ಬಂದರೆ ಹಾವಿನ ಮನೆಯೊಳಗೆ ನಿಲ್ಲಬಹುದು. ಜಾರದ ಚಪ್ಪಲಿ ಹಾಕಿಕೊಳ್ಳಿ, ಕೊಡೆ ತನ್ನಿ.